ನಾಲ್ಕನೇ ಪ್ರೆಸ್ಸಿನ ಜೇನು

ಲಗ್ಗೆರೆ, ಬೆಂಗಳೂರು
10 ನವೆಂಬರ್ 2024

ದ್ಯಾಮಣ್ಣ ಕಾಕಾ ಅವರಿಗೆ ವೇಣಿಯ ನಮಸ್ಕಾರಗಳು.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಪ್ರತಿ ವರ್ಷ ಅವರ ತಿಥಿಗೆ ನೀವು ತಪ್ಪದೆ ಜೇನುತುಪ್ಪ ಕಳಿಸುತ್ತೀರಿ, ನಾನು ತಲುಪಿತೆಂದು ಒಂದು ಸಾಲೂ ಬರೆಯಲಿಲ್ಲ. ಈಗ ಕೆಲಸ ಬಿದ್ದಾಗ ಬರೆಯುತ್ತಿದ್ದೇನೆ, ಬೈದುಕೊಳ್ಳಬೇಡಿ. ಫೋನ್ ಮಾಡಿದರೆ ನಿಮಗೆ ಕೇಳುವುದಿಲ್ಲ. ಭಾಗ್ಯಶ್ರೀ ಕಾಕಿಗೆ ಹೇಳಿದರೆ ಅರ್ಧ ನಿಮಗೆ ಮುಟ್ಟುತ್ತದೆ, ಇನ್ನರ್ಧ ಅವರ ನಗುವಿನಲ್ಲಿ ಕಳೆದುಹೋಗುತ್ತದೆ. ಹಾಗಾಗಿ ಕಾಗದವೇ ಸರಿ ಅನ್ನಿಸಿತು.

ನಾನು ಈಗಲೂ ಪೀಣ್ಯದಲ್ಲಿ, ನೀವು ಅಪ್ಪ ಇಬ್ಬರೂ ದುಡಿದ ಫ್ಯಾಕ್ಟರಿಯಲ್ಲೇ ಇದ್ದೇನೆ. ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಶೆಡ್ಡಿನ ಹಿಂದೆ ಗುಜರಿಗೆ ಹಾಕಿದ, ತಗಡು ಒತ್ತುವ ಹಳೆಯ ಪ್ರೆಸ್ಸೊಂದು ಬಿದ್ದಿದೆ. ಅದರ ಕರೆಂಟಿನ ಕಬ್ಬಿಣದ ಕಪಾಟು ಗೋಡೆಗೆ ಒರಗಿ ನಿಂತಿದೆ. ಕೇಬಲ್ ಹೋಗುವ ತೂತಿನಿಂದ ಜೇನುನೊಣ ಒಳಗೂ ಹೊರಗೂ ಓಡಾಡುತ್ತಿವೆ. ಸಣ್ಣ ನೊಣ, ಹೆಜ್ಜೇನಲ್ಲ. ಕಪಾಟಿಗೆ ಕಿವಿ ಇಟ್ಟೆ, ಒಳಗೆ ದೊಡ್ಡ ಸಂಸಾರವೇ ಇದ್ದ ಹಾಗಿತ್ತು.

ನಿಮ್ಮ ಕಾಲದ ಸಿದ್ದರಾಮಪ್ಪ ಸಾರೇ ಈಗಲೂ ಮ್ಯಾನೇಜರು. “ತಿಂಗಳ ಕೊನೆಗೆ ಸ್ಕ್ರ್ಯಾಪ್ ಲಾರಿ ಬರುತ್ತೆ. ಅಷ್ಟರೊಳಗೆ ನೀನು ತಗೊಂಡ್ಹೋಗೋದಾದ್ರೆ ಹೋಗು, ಇಲ್ಲಾಂದ್ರೆ ಔಷಧಿ ಹೊಡೆಸಿಬಿಡ್ತೀನಿ” ಅಂದರು. ನಾನು ತೆಗೆದುಕೊಂಡು ಹೋಗುತ್ತೇನೆ ಅಂದುಬಿಟ್ಟೆ. ಹೇಗೆ ಅನ್ನುವುದು ನನಗೆ ಗೊತ್ತಿಲ್ಲ. ಕಾಲೇಜಿನಲ್ಲಿದ್ದಾಗ ನಿಮ್ಮ ಹಿತ್ತಲಿನಲ್ಲಿ ಪೆಟ್ಟಿಗೆ ತೆರೆದದ್ದನ್ನು ದೂರದಿಂದ ನೋಡಿದ್ದು, ಅಷ್ಟೇ ನನ್ನ ವಿದ್ಯೆ. ನಮ್ಮ ಮನೆಯ ಮೇಲೆ ತಾರಸಿ ಇದೆ. ಅಮ್ಮ ಮೊದಲು ಬೇಡ ಅಂದರು, ಆಮೇಲೆ ದ್ಯಾಮಣ್ಣನನ್ನು ಕೇಳಿ ಮಾಡು ಅಂದರು.

ಬೇಗ ಬರೆಯಿರಿ.

ವೇಣಿ

*

ಹಾನಗಲ್ಲ
18 ನವೆಂಬರ್ 2024

ಮಗಳು ವೇಣವ್ವನಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ನಿನ್ನ ಕಾಕಿ ಈ ಸಲ ನಗಲಿಲ್ಲ. “ವೆಂಕಟಪ್ಪಣ್ಣನ ಮಗಳು ಕೇಳ್ಯಾಳ, ಪೆಟಗಿ ಕಳಸ್ರಿ” ಅಂತ ತಾನೇ ಒರೆಸಿ ಕೊಟ್ಟಳು. ಬೆಂಗಳೂರು ಬಸ್ಸಿನ ಪಾರ್ಸೆಲಿಗೆ ಹಾಕಿದ್ದೇನೆ. ಒಂದು ಪೆಟ್ಟಿಗೆ, ಎಂಟು ಚೌಕಟ್ಟು, ಹೊಗೆ ಹಾಕುವ ತಿದಿ, ಮುಖದ ಜಾಲರಿ, ಹುಳ ಸೋಸುವ ಒಂದು ತಗಡಿನ ಗೇಟು.

ಈಗ ಗಮನವಿಟ್ಟು ಓದು. ಬಿಸಿಲೇರಿದ ಮೇಲೆ, ಹುಳ ಹೊರಗೆ ದುಡಿಯಲು ಹೋದಾಗ ಬಾಗಿಲು ತೆರೆ. ಹೊಗೆ ಸ್ವಲ್ಪವೇ ಕೊಡು. ನೇತಾಡುವ ಮೇಣದ ಎರಿಗಳನ್ನು ಒಂದೊಂದಾಗಿ ಬುಡದಿಂದ ಕೊಯ್ದು, ಮರಿ ಇರುವ ಭಾಗವನ್ನು ಚೌಕಟ್ಟಿಗೆ ಬಾಳೆಯ ನಾರಿನಿಂದ ಕಟ್ಟು. ಎರಿ ಯಾವ ದಿಕ್ಕಿನಲ್ಲಿ ನೇತಾಡುತ್ತಿತ್ತೋ ಹಾಗೇ ಇರಲಿ, ತಲೆಕೆಳಗಾಗಬಾರದು. ರಾಣಿ ಉದ್ದ, ಕಪ್ಪು, ನಡಿಗೆ ನಿಧಾನ. ಅವಳು ಪೆಟ್ಟಿಗೆಯೊಳಗೆ ಹೋದರೆ ಉಳಿದವರು ತಾವೇ ಬರುತ್ತಾರೆ. ಬಾಗಿಲಿಗೆ ಆ ಗೇಟು ಹಾಕು, ರಾಣಿ ಎದ್ದು ಹೋಗುವುದಿಲ್ಲ. ಸಂಜೆ ಎಲ್ಲವೂ ಒಳಗೆ ಸೇರಿದ ಮೇಲೆ ಮನೆಗೆ ಒಯ್ಯಿ. ಲಗ್ಗೆರೆ ಹತ್ತಿರವೇ ಆದ್ದರಿಂದ ಕೆಲವು ಹುಳ ಹಳೆಯ ಜಾಗಕ್ಕೇ ಹೋಗಿ ಸಾಯುತ್ತವೆ. ಅದಕ್ಕೆ ಅಳಬೇಡ.

ಎರಡೂ ಕೈ ಕೆಲಸದ ಮೇಲೆಯೇ ಇರಬೇಕು. ಮಾತಾಡುತ್ತಾ ಮಾಡಬೇಡ. ನಾನು ಒಂದು ದಿನ, ಒಂದೇ ಒಂದು ದಿನ, ಸೋಮಾರಿತನ ಮಾಡಿ ಎಡಗೈಯ ಮೂರು ಬೆರಳು ಕೊಟ್ಟವನು. ಅಂದಿನಿಂದ ಯಾವ ಕೆಲಸಕ್ಕೂ ಅಡ್ಡದಾರಿ ಹಿಡಿದಿಲ್ಲ.

ನನ್ನ ಹಿತ್ತಲಿನ ಮೊದಲ ಪೆಟ್ಟಿಗೆಯನ್ನು ತಂದುಕೊಟ್ಟವನು ನಿಮ್ಮಪ್ಪ. ಕೆಲಸದಿಂದ ತೆಗೆದುಹಾಕಿದ ಮೇಲೆ ನಾನು ಆರು ತಿಂಗಳು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆ. ಅವನು ಪೆಟ್ಟಿಗೆ ಹೊತ್ತುಕೊಂಡು ಬಸ್ಸಿಳಿದು ಬಂದ. ಆ ಪುಣ್ಯಾತ್ಮನ ಮಗಳಿಗೆ ಇದು ನನ್ನ ಕೈಯಿಂದ ಹೋಗುತ್ತಿದೆ ಅನ್ನುವುದೇ ನನಗೆ ಸಂತೋಷ.

ಅದು ಎಷ್ಟನೇ ನಂಬರಿನ ಪ್ರೆಸ್ಸು? ಬರಿ.

ದ್ಯಾಮಣ್ಣ ಕಾಕಾ

*

ಲಗ್ಗೆರೆ
2 ಡಿಸೆಂಬರ್ 2024

ಕಾಕಾ,

ನೊಣಗಳು ಬಂದಿವೆ. ನವೆಂಬರ್ 28ಕ್ಕೆ ಮಾಡಿದೆ. ವಾಚ್‌ಮನ್ ನೀಲಪ್ಪಣ್ಣ ಹೊಗೆ ಹಿಡಿದರು. ಆರು ಎರಿ ಇದ್ದವು, ಮರಿ ಇದ್ದ ನಾಲ್ಕನ್ನು ಕಟ್ಟಿದೆ. ರಾಣಿ ಕೊನೆಯ ಎರಿಯ ಹಿಂದೆ ಇದ್ದಳು. ಕೈಗೆ ಏಳು ಕಡೆ ಕಚ್ಚಿವೆ, ಊತ ಇಳಿದಿದೆ.

ಒಂದು ಎರಿ ಕಪಾಟಿನ ಬಾಗಿಲಿಗೇ ಅಂಟಿಕೊಂಡಿತ್ತು. ಅಲ್ಲಿ ಹಳೆಯ ಕಾಗದಪತ್ರ ಇಡುವ ಪ್ಲಾಸ್ಟಿಕ್ ಚೀಲವೊಂದಿತ್ತು, ಎರಿಯ ಜೊತೆಗೆ ಅದೂ ಕಿತ್ತು ಬಂತು. ಅದರಲ್ಲಿ ಕೆಲಸಕ್ಕೆ ಬರುವಂಥದ್ದು ಏನೂ ಇರಲಿಲ್ಲ.

ಪೆಟ್ಟಿಗೆ ತಾರಸಿಯ ನೀರಿನ ಟ್ಯಾಂಕಿನ ನೆರಳಿನಲ್ಲಿದೆ. ಮುಂದೇನು ಮಾಡಬೇಕೆಂದು ತಿಳಿಸಿ.

ವೇಣಿ

*

ಹಾನಗಲ್ಲ
11 ಡಿಸೆಂಬರ್ 2024

ಮಗಳೇ ವೇಣವ್ವ,

ಇಷ್ಟು ದೊಡ್ಡ ಕೆಲಸ ಮಾಡಿ ಇಷ್ಟು ಸಣ್ಣ ಕಾಗದ ಬರೆದಿದ್ದೀಯ. ಕೈ ನೋಯುತ್ತಿತ್ತೇನೋ. ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚು ಎಂದು ಮೊದಲೇ ಬರೆಯಬೇಕಿತ್ತು, ಮರೆತೆ.

ಹೊಸ ಪೆಟ್ಟಿಗೆಯ ಮೊದಲ ತಪಾಸಣೆ ಎಂಟು ಹತ್ತು ದಿನಕ್ಕೆ ಸಾಕು. ಆಸೆಗೆ ದಿನಾ ತೆರೆದು ನೋಡಿದರೆ ಹುಳ ಬೇಸತ್ತು ಎದ್ದು ಹೋಗುತ್ತವೆ. ತೆರೆದಾಗ ರಾಣಿಯನ್ನು ಹುಡುಕುತ್ತಾ ಕೂರಬೇಡ. ಎರಿಯ ಒಂದೊಂದು ಕಣ್ಣಿನ ತಳದಲ್ಲಿ ಅಕ್ಕಿಯ ನುಚ್ಚಿನಂಥ ಮೊಟ್ಟೆ ಕಂಡರೆ ಅವಳು ಇದ್ದಾಳೆ ಅಂತಲೇ ಅರ್ಥ. ಎರಿ ಚೌಕಟ್ಟಿಗೆ ಅಂಟಿಕೊಂಡಿದ್ದರೆ ನಾರು ಬಿಚ್ಚಿಬಿಡು, ಬಾಗಿಲಿನ ಗೇಟನ್ನೂ ತೆಗೆ.

ಎಂಟು ಚೌಕಟ್ಟು ಇದೆ ಎಂದು ಎಂಟನ್ನೂ ಕೊಡಬೇಡ. ನಾಲ್ಕು ಎರಿಯ ಸಂಸಾರಕ್ಕೆ ಐದು ಚೌಕಟ್ಟಿನ ಜಾಗ ಕೊಟ್ಟು, ಪಕ್ಕದಲ್ಲಿ ಅಡ್ಡಹಲಗೆ ನಿಲ್ಲಿಸು. ಜಾಗ ಹೆಚ್ಚಾದರೆ ಮರಿಗೆ ಕಾವು ಸಾಲದು, ಖಾಲಿ ಎರಿಗೆ ಮೇಣದ ಹುಳು ಬೀಳುತ್ತದೆ. ಕಡಿಮೆಯಾದರೆ ಇಕ್ಕಟ್ಟಿಗೆ ಬೇಸತ್ತು ಸಂಸಾರ ಒಡೆಯುತ್ತದೆ. ಐದನೆಯದನ್ನು ಪೂರ್ತಿ ಕಟ್ಟಿ ಹುಳ ಮುತ್ತಿದಾಗ ಹಲಗೆ ಸರಿಸಿ ಆರನೆಯದನ್ನು ಕೊಡು. ಇಷ್ಟೇ ಗುಟ್ಟು.

ಪ್ರೆಸ್ಸಿನ ನಂಬರು ಬರೆಯಲಿಲ್ಲ. ನಾಲ್ಕನೆಯದು ನನ್ನದಾಗಿತ್ತು. ಹದಿನಾಲ್ಕು ವರ್ಷವಾಯಿತು, ಅದು ಎಂದೋ ಕರಗಿ ಇನ್ನೇನೋ ಆಗಿರಬೇಕು.

ನಿಮ್ಮಪ್ಪನ ಫೋಟೊ ನಮ್ಮ ದೇವರ ಕೋಣೆಯಲ್ಲಿದೆ, ನಿನಗೆ ಗೊತ್ತಲ್ಲ. ನಿನ್ನೆ ಅದಕ್ಕೆ ಹೇಳಿದೆ, ನಿನ್ನ ಮಗಳು ಗಟ್ಟಿಗಿತ್ತಿ ಎಂದು.

ದ್ಯಾಮಣ್ಣ ಕಾಕಾ

*

ಲಗ್ಗೆರೆ
29 ಡಿಸೆಂಬರ್ 2024

ಕಾಕಾ,

ತಪಾಸಣೆ ಎರಡು ಸಲ ಮಾಡಿದೆ. ಮೊಟ್ಟೆ ಇದೆ. ನಾರು ಬಿಚ್ಚಿದೆ, ಗೇಟು ತೆಗೆದೆ. ಐದನೇ ಚೌಕಟ್ಟಿನಲ್ಲಿ ಅಂಗೈ ಅಗಲ ಹೊಸ ಎರಿ ಕಟ್ಟಿವೆ, ಬೆಳ್ಳಗಿದೆ. ನಮ್ಮ ಬೀದಿಯ ನುಗ್ಗೆ ಹೂವಿಗೆ ಹೋಗುತ್ತಿರಬೇಕು.

ಒಂದು ಮಾತು ಕೇಳಬೇಕಿತ್ತು. ನಿಮ್ಮ ಕೈಗೆ ಹಾಗಾದ ದಿನ ಬೆಳಿಗ್ಗೆ ಏನಾಯಿತೆಂದು ನಿಮಗೆ ನೆನಪಿದೆಯೇ? ಎರಡು ಬಟನ್ ಇರುವ ಮಷೀನು, ಎರಡೂ ಕೈಯಲ್ಲಿ ಒತ್ತಿದರೆ ಮಾತ್ರ ಇಳಿಯುತ್ತದೆ. ಹಾಗಿದ್ದ ಮೇಲೆ ಎಡಗೈ ಒಳಗೆ ಹೇಗೆ ಹೋಯಿತು? ಬೇಸರವಾದರೆ ಬರೆಯಬೇಡಿ.

ವೇಣಿ

*

ಹಾನಗಲ್ಲ
8 ಜನವರಿ 2025

ವೇಣವ್ವ,

ನಿನ್ನ ಪ್ರಶ್ನೆ ಓದಿ ನನಗೆ ಗಾಬರಿಯಾಯಿತು. ನಿನ್ನನ್ನು ಸ್ಟೋರ್ಸಿನಿಂದ ತೆಗೆದು ಪ್ರೆಸ್ಸಿಗೆ ಹಾಕಿದ್ದಾರೆಯೇ? ಕಾಗದ ಸಣ್ಣದಾಗುತ್ತಿದೆ. ಹಾಗೇನಾದರೂ ಇದ್ದರೆ ಆ ಕೆಲಸ ಬಿಟ್ಟುಬಿಡು. ನಿಮ್ಮಪ್ಪ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದ.

ನನಗೆ ಏನೂ ನೆನಪಿಲ್ಲ ಮಗಳೇ. ಸ್ವಾತಂತ್ರ್ಯೋತ್ಸವದ ಹಿಂದಿನ ದಿನ, ಶನಿವಾರ. ಟೀ ಕುಡಿದದ್ದು ನೆನಪಿದೆ. ಆಮೇಲೆ ಆಸ್ಪತ್ರೆಯ ಫ್ಯಾನು. ನಡುವಿನದೆಲ್ಲ ಅಳಿಸಿ ಹೋಗಿದೆ. ಎಚ್ಚರಾದಾಗ ಮಂಚದ ಪಕ್ಕದ ಸ್ಟೂಲಿನ ಮೇಲೆ ನಿಮ್ಮಪ್ಪ ಇದ್ದ. ಆಗ ನನಗೆ ಕಿವಿ ಇನ್ನೂ ಅಷ್ಟಿಷ್ಟು ಕೇಳುತ್ತಿತ್ತು. “ದ್ಯಾಮಣ್ಣ, ನೀನೇ ಎಡಗಡೆ ಬಟನ್‌ಗೆ ಮರದ ಚೂರು ಸಿಗಿಸಿದ್ದೆ ಕಣಯ್ಯಾ. ಸ್ಪೀಡಾಗಿ ಆಗ್ಲಿ ಅಂತ. ನೆನಪಿಲ್ವಾ?” ಅಂದ. ಇನ್‌ಸ್ಪೆಕ್ಟರಿಗೂ ಅದೇ ಚೂರು ಸಿಕ್ಕಿತಂತೆ. ನಾನು ಅಂಥವನಲ್ಲ ಅಂದುಕೊಂಡಿದ್ದೆ. ಆದರೆ ವೆಂಕಟಪ್ಪ ಸುಳ್ಳು ಹೇಳುವವನಲ್ಲ. ಅವನು ಹೇಳಿದ ಮೇಲೆ ನಾನು ಒಪ್ಪಿ ಸಹಿ ಹಾಕಿದೆ.

ಇದನ್ನು ನಾನು ಯಾರ ಹತ್ತಿರವೂ ಮಾತಾಡುವುದಿಲ್ಲ. ನೀನು ಕೇಳಿದ್ದಕ್ಕೆ ಬರೆದೆ.

ಪೆಟ್ಟಿಗೆಯ ಮಾತಿಗೆ ಬರುತ್ತೇನೆ. ಸಂಕ್ರಾಂತಿ ದಾಟಿದರೆ ಹೂವು ಹೆಚ್ಚುತ್ತದೆ, ರಾಣಿ ಓಡಿ ಓಡಿ ಮೊಟ್ಟೆ ಇಡುತ್ತಾಳೆ. ವಾರಕ್ಕೊಮ್ಮೆ ಎರಿಯ ಕೆಳಅಂಚು ನೋಡು. ಶೇಂಗಾಕಾಯಿಯಂತೆ ಉದ್ದಕ್ಕೆ ತೂಗುವ ಗೂಡು ಕಂಡರೆ ಅದು ಹೊಸ ರಾಣಿಯ ತೊಟ್ಟಿಲು. ಸಂಸಾರ ಒಡೆಯಲು ತಯಾರಾಗಿದೆ ಎಂದರ್ಥ. ಆಗ ತಡ ಮಾಡದೆ ಆ ಗೂಡುಗಳನ್ನು ತೆಗೆದು, ಹಲಗೆ ಸರಿಸಿ, ಖಾಲಿ ಚೌಕಟ್ಟು ಕೊಡು.

ದ್ಯಾಮಣ್ಣ ಕಾಕಾ

*

ಲಗ್ಗೆರೆ
26 ಜನವರಿ 2025

ದ್ಯಾಮಣ್ಣ ಕಾಕಾ ಅವರಿಗೆ,

ಈ ಕಾಗದವನ್ನು ಎರಡು ತಿಂಗಳಿಂದ ಬರೆಯುತ್ತಿದ್ದೇನೆ. ಇಂದು ರಜೆ. ಬೆಳಿಗ್ಗೆಯಿಂದ ತಾರಸಿಯಲ್ಲಿ ಕೂತಿದ್ದೇನೆ. ನೀವು ಕೂತುಕೊಂಡು ಓದಿ.

ಆ ಪ್ರೆಸ್ಸು ನಾಲ್ಕನೆಯದು. ನಿಮ್ಮದೇ. ಕಪಾಟಿನ ಬಾಗಿಲಿನ ಚೀಲದಲ್ಲಿ ಏನೂ ಇರಲಿಲ್ಲ ಎಂದು ಬರೆದದ್ದು ಸುಳ್ಳು. ರಿಪೇರಿ ಮಾಡಿದವರು ಬರೆದಿಡುವ ಜಾಬ್ ಕಾರ್ಡುಗಳ ಕಟ್ಟು ಇತ್ತು. ಮೇಣ ಮೆತ್ತಿ ಒಂದಕ್ಕೊಂದು ಅಂಟಿದ್ದವು. ಸ್ಟೋರ್ಸಿನವಳಲ್ಲವೇ, ಎಸೆಯುವ ಮುಂಚೆ ಬಿಡಿಸಿ ನೋಡಿದೆ. ಎಲ್ಲಕ್ಕಿಂತ ಅಡಿಯಲ್ಲಿದ್ದುದರಲ್ಲಿ ಹೀಗಿತ್ತು:

“12-8-2010. ಪ್ರೆಸ್ ನಂ. 4. ಎಡಗೈ ಬಟನ್ ಬೈಪಾಸ್ ಮಾಡಿದೆ. ಅರ್ಜೆಂಟ್ ಆರ್ಡರ್. ಮ್ಯಾನೇಜರ್ ಸಿದ್ದರಾಮಪ್ಪನವರ ಬಾಯಿಮಾತಿನ ಆದೇಶ. ಆರ್ಡರ್ ಮುಗಿದ ಕೂಡಲೇ ತೆಗೆಯಬೇಕು. ವೆಂಕಟಪ್ಪ, ಎಲೆಕ್ಟ್ರಿಷಿಯನ್.”

ಅಪ್ಪನ ಅಕ್ಷರ. ನನ್ನ ಸ್ಕೂಲಿನ ಪುಸ್ತಕಗಳ ಮೇಲೆಲ್ಲ ಹೆಸರು ಬರೆದುಕೊಟ್ಟ ಅಕ್ಷರ. ಶೆಡ್ಡಿನ ಹಿಂದೆ ಜಾಲರಿ ಹಾಕಿಕೊಂಡು, ನೊಣ ಮುತ್ತಿದ ಕೈಯಲ್ಲಿ ಅದನ್ನು ಹಿಡಿದು ನಿಂತಿದ್ದೆ. ಕಚ್ಚಿದ ಏಳೂ ಆಗಲೇ ಕಚ್ಚಿದ್ದು. ನನಗೆ ಗೊತ್ತಾಗಲಿಲ್ಲ. ನೀಲಪ್ಪಣ್ಣ ಬಂದು ತೋಳು ಹಿಡಿದು ಎಳೆದರು.

ನೀವು ಮರದ ಚೂರು ಸಿಗಿಸಲಿಲ್ಲ, ಕಾಕಾ. ಸಿಗಿಸುವ ಅಗತ್ಯವೇ ಇರಲಿಲ್ಲ. ಆ ಬಟನ್ ಎರಡು ದಿನದಿಂದ ಸತ್ತಿತ್ತು. ಒಂದೇ ಬಲಗೈ ಒತ್ತಿದರೆ ಪ್ರೆಸ್ಸು ಇಳಿಯುತ್ತಿತ್ತು.

ಇದನ್ನು ಅಮ್ಮನ ಮುಂದಿಟ್ಟೆ. ಅಮ್ಮ ಕಾರ್ಡನ್ನು ಮುಟ್ಟಲಿಲ್ಲ, ಗುರುತು ಹಿಡಿದರು. ಅವತ್ತು ನಿಮ್ಮನ್ನು ಆಸ್ಪತ್ರೆಗೆ ಒಯ್ದ ಮೇಲೆ, ಇನ್‌ಸ್ಪೆಕ್ಟರ್ ಬರುವ ಮುಂಚೆ, ಅಪ್ಪ ತಂತಿ ಕಿತ್ತು ಮೊದಲಿನಂತೆ ಜೋಡಿಸಿದರಂತೆ. ಮರದ ಚೂರನ್ನು ಬಟನ್‌ಗೆ ಸಿಗಿಸಿದ್ದೂ ಅವರೇ. ಪೊಲೀಸ್ ಕೇಸು ನಿನ್ನ ಮೇಲೇ ಬೀಳುತ್ತೆ ಎಂದು ಸಿದ್ದರಾಮಪ್ಪ ಹೆದರಿಸಿದ್ದರಂತೆ. ಅಮ್ಮ ಇಷ್ಟು ಹೇಳಿ ಒಳಗೆ ಹೋಗಿ ಮಲಗಿದರು.

ಕಾರ್ಡನ್ನು ಏಕೆ ಹರಿಯಲಿಲ್ಲ? ಅಪ್ಪ ಆ ಫ್ಯಾಕ್ಟರಿಯಲ್ಲಿ ಇನ್ನೂ ಹತ್ತು ವರ್ಷ ಇದ್ದರು. ಬೇಕಾದಾಗ ಹರಿದು ಬಿಸಾಡಬಹುದಿತ್ತು. ಮರೆತರೋ, ಬೇಕೆಂದೇ ಬಿಟ್ಟರೋ ನನಗೆ ತಿಳಿಯುವುದಿಲ್ಲ. ನಾನು ಇದನ್ನು ಅವರ ಪರವಾಗಿ ಹೇಳುತ್ತಿಲ್ಲ.

ನಕಲು ಇದರ ಜೊತೆಗಿದೆ.

ಪೆಟ್ಟಿಗೆ ತೆರೆದು ಮೂರು ವಾರವಾಯಿತು. ಕೈ ಬರುತ್ತಿಲ್ಲ.

ವೇಣಿ

*

ಲಗ್ಗೆರೆ
16 ಫೆಬ್ರವರಿ 2025

ಕಾಕಾ ಅವರಿಗೆ,

ಮೂರು ವಾರದಿಂದ ನಿಮ್ಮ ಕಾಗದವಿಲ್ಲ. ಬರಲೇಬೇಕು ಎಂದು ಕೇಳುವ ಮುಖ ನನಗಿಲ್ಲ. ಎರಡು ವಿಷಯ ತಿಳಿಸಲೇಬೇಕಾಗಿ ಬರೆಯುತ್ತಿದ್ದೇನೆ.

ಮೊದಲನೆಯದು, ಸಂಸಾರ ಒಡೆಯಿತು. ಫೆಬ್ರವರಿ 2, ಭಾನುವಾರ, ಹನ್ನೊಂದು ಗಂಟೆಗೆ ಅರ್ಧಕ್ಕೂ ಹೆಚ್ಚು ನೊಣ ಎದ್ದು ತಾರಸಿಯ ಮೇಲೆ ಸುತ್ತಿ, ಪಕ್ಕದ ಬೀದಿಯ ಮರದಲ್ಲಿ ಒಂದು ಗಳಿಗೆ ಕೂತು, ರಿಂಗ್ ರೋಡಿನ ಕಡೆ ಹೋಗಿಬಿಟ್ಟವು. ಆಮೇಲೆ ತೆರೆದು ನೋಡಿದೆ. ಐದು ಚೌಕಟ್ಟೂ ತುಂಬಿ, ಹಲಗೆಯ ಆಚೆಗೂ ಅಡ್ಡಾದಿಡ್ಡಿ ಎರಿ ಕಟ್ಟಿದ್ದವು. ಕೆಳಅಂಚಿನಲ್ಲಿ ನೀವು ಹೇಳಿದ ಶೇಂಗಾಕಾಯಿ ಗೂಡು ಏಳು. ಒಂದನ್ನು ಬಿಟ್ಟು ಉಳಿದದ್ದು ತೆಗೆದೆ, ಸರಿಯೋ ತಪ್ಪೋ. ನೀವು ಕಲಿಸಿದ್ದಿರಿ, ನಾನು ಮಾಡಲಿಲ್ಲ.

ಎರಡನೆಯದು. ಆ ಕಾರ್ಡು ಸಿಕ್ಕಾಗಿನಿಂದ ನಾನು ಪ್ರೆಸ್ ಶಾಪಿನ ಮೂಲಕ ಹೋಗುವಾಗ ನೆಲ ನೋಡಿ ನಡೆಯುತ್ತಿದ್ದೆ. ಮೊನ್ನೆ ತಲೆ ಎತ್ತಿದೆ. ಏಳನೇ ಪ್ರೆಸ್ಸಿನಲ್ಲಿ ಯಾದಗಿರಿ ಕಡೆಯ ಮಹಾದೇವಿ ಅನ್ನುವವಳು ಕೂರುತ್ತಾಳೆ. ಅವಳು ಬಲಗೈಯಲ್ಲಿ ಮಾತ್ರ ಒತ್ತುತ್ತಿದ್ದಳು. ಎಡಗೈಯಲ್ಲಿ ತಗಡು ಹಿಡಿದಿದ್ದಳು. ಒಂಬತ್ತನೆಯದರಲ್ಲೂ ಹಾಗೇ. ಎಷ್ಟು ದಿನದಿಂದ ಎಂದು ಕೇಳಿದೆ. “ದೀಪಾವಳಿ ಆದಾಗಿಂದ ಹಿಂಗ ಐತ್ರಿ ಅಕ್ಕಾರ, ಟಾರ್ಗೆಟ್ ಜಾಸ್ತಿ ಐತಲ್ರಿ” ಅಂದಳು.

ಸಿದ್ದರಾಮಪ್ಪ ಸಾರ್‌ಗೆ ಹೇಳಿದೆ. ನಿನ್ನ ಕೆಲಸ ಸ್ಟೋರ್ಸು, ಅಲ್ಲಿ ನೋಡಿಕೋ ಅಂದರು. ಕಾರ್ಡು ನನ್ನ ಹತ್ತಿರ ಇರುವುದನ್ನು ಇನ್ನೂ ಹೇಳಿಲ್ಲ. ಅದು ನಿಮ್ಮದು. ನಿಮ್ಮನ್ನು ಕೇಳದೆ ತೋರಿಸುವುದು ಸರಿಯಲ್ಲ ಅನ್ನಿಸಿದೆ. ಆದರೆ ಏಳನೇ ಪ್ರೆಸ್ಸು ದಿನಾ ನಡೆಯುತ್ತಿದೆ.

ವೇಣಿ

*

ಹಾನಗಲ್ಲ
24 ಫೆಬ್ರವರಿ 2025

ವೇಣಿಗೆ,

ಕಾರ್ಡಿನ ವಿಷಯ ಬರೆದ ನಿನ್ನ ಕಾಗದ ಬಂದದ್ದು ಫೆಬ್ರವರಿ 1ಕ್ಕೆ. ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡು ಹಿತ್ತಲಿಗೆ ಹೋದೆ. ನಿಮ್ಮಪ್ಪ ತಂದ ಪೆಟ್ಟಿಗೆಯ ಮುಂದೆ ನಿಂತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ನಿನ್ನ ಕಾಕಿ ಬಂದು ಭುಜ ಅಲುಗಿಸಿದಾಗ ಬಿಸಿಲು ಗೋಡೆ ದಾಟಿತ್ತು. ಅವಳಿಗೆ ಕಾಗದ ಕೊಟ್ಟೆ.

ಹದಿನಾಲ್ಕು ವರ್ಷ ಅವಳು ಸಿಟ್ಟು ಬಂದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದಳು: “ಎರಡ ಗುಂಡಿ ನೆಟ್ಟಗ ಒತ್ತಾಕ ಆಗಲಿಲ್ಲ ನಿಮಗ.” ನಾನು ತಲೆ ತಗ್ಗಿಸುತ್ತಿದ್ದೆ. ಕಾಗದ ಓದಿ ಅವಳು ನೆಲಕ್ಕೆ ಕೂತಳು. ನನ್ನ ಎಡಗೈ ಹಿಡಿದುಕೊಂಡು ಕೂತೇ ಇದ್ದಳು. ಎರಡು ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ನನಗೆ ಏನಾಯಿತೆಂದು ಹೇಳಲೇ? ನಾನು ಸೋಮಾರಿಯಲ್ಲ ಎಂದು ತಿಳಿದು ಸಂತೋಷವಾಗಬೇಕಿತ್ತು. ಆಗಲಿಲ್ಲ. ನಾನು ಯಾರು ಎಂದು ಹದಿನಾಲ್ಕು ವರ್ಷ ತಿಳಿದುಕೊಂಡಿದ್ದೆನೋ ಆ ಮನುಷ್ಯನೇ ಇಲ್ಲ. ಅಡ್ಡದಾರಿ ಹಿಡಿದು ಕೆಟ್ಟವನು ಎಂದು ನನ್ನನ್ನು ನಾನೇ ಕಾದೆ. ಹುಳಗಳ ಮುಂದೆಯೂ ಹೆದರಿ ಹೆದರಿ ಕೈ ಆಡಿಸಿದೆ. ಅವನು ಸ್ಟೂಲಿನ ಮೇಲೆ ಕೂತು, ನನ್ನ ಬಾಯಿಗೆ ಎಳನೀರು ಹಾಕುತ್ತಾ ಆ ಮಾತು ಹೇಳಿದ. ಅದೇ ಬಾಯಿ, ಅದೇ ಕೈ. ಪ್ರತಿ ದೀಪಾವಳಿಗೆ ಬಂದು ನನ್ನ ಪಕ್ಕದಲ್ಲಿ ಊಟ ಮಾಡಿದ. ನಾನು ಅವನ ಫೋಟೊ ದೇವರ ಜೊತೆಗಿಟ್ಟೆ. ಅದನ್ನು ತೆಗೆದಿದ್ದೇನೆ. ಗೋಡೆಯ ಮೇಲೆ ಗುರುತು ಉಳಿದಿದೆ, ಸುಣ್ಣ ಬಳಿಯಬೇಕು.

ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ನಿನ್ನ ಅಕ್ಷರವೂ ಅವನ ಅಕ್ಷರದ ಹಾಗೇ ಇದೆ, ಲಕೋಟೆಯನ್ನು ಬೋರಲು ಹಾಕಿ ಇಡುತ್ತೇನೆ. ನಿನ್ನ ತಪ್ಪಲ್ಲ ಎಂದು ಗೊತ್ತು. ಆದರೂ ಹಾಗಾಗುತ್ತದೆ.

ಆದರೆ ಅದರ ಹಿಂದೆಯೇ ಇನ್ನೊಂದು ಕಾಗದ ಬಂತು. ಏಳನೆಯದು, ಒಂಬತ್ತನೆಯದು.

ಕಾರ್ಡು ತೋರಿಸಲು ನನ್ನ ಅಪ್ಪಣೆಗೆ ಕಾಯಬೇಡ. ನಾನೇ ಬರುತ್ತೇನೆ. ಮಾರ್ಚ್ 3, ಸೋಮವಾರ ಬೆಳಿಗ್ಗೆ ಗೊರಗುಂಟೆಪಾಳ್ಯದಲ್ಲಿ ಇಳಿಯುತ್ತೇನೆ. ನಿನಗಾಗಿ ಅಲ್ಲ, ನಿಮ್ಮಪ್ಪನಿಗಾಗಿ ಅಂತೂ ಅಲ್ಲ. ಆ ಹುಡುಗಿ ಮಹಾದೇವಿ ಎಡಗೈಯಲ್ಲಿ ತಗಡು ಹಿಡಿದಿದ್ದಾಳೆ ಎಂದು ಬರೆದೆಯಲ್ಲ, ಅದಕ್ಕಾಗಿ.

ಗೂಡು ಒಂದನ್ನು ಬಿಟ್ಟದ್ದು ಸರಿಯಾಗಿಯೇ ಇದೆ. ಹಲಗೆಯಾಚೆ ಅಡ್ಡ ಕಟ್ಟಿದ ಎರಿ ಕೊಯ್ದು ತೆಗೆ. ಆಮೇಲೆ ನಾನು ಬಂದು ಹೊಸ ರಾಣಿಯ ಮೊಟ್ಟೆ ನೋಡುವ ತನಕ ತೆರೆಯಬೇಡ.

ದ್ಯಾಮಣ್ಣ

*

ಲಗ್ಗೆರೆ
16 ಮಾರ್ಚ್ 2025

ದ್ಯಾಮಣ್ಣ ಕಾಕಾ ಅವರಿಗೆ,

ನೀವು ಬಂದು ಹೋಗಿ ಹನ್ನೆರಡು ದಿನವಾಯಿತು. ನೀವು ಎಲ್ಲವನ್ನೂ ಕಂಡಿರಿ. ಕೇಳಿಸಿಕೊಳ್ಳಲಿಲ್ಲ. ಆದ್ದರಿಂದ ನಿಮ್ಮ ಸುತ್ತ ಯಾರು ಏನು ಹೇಳಿದರು ಎಂಬುದನ್ನು ಬರೆದು ಕಳಿಸುವುದು ನನ್ನ ಕರ್ತವ್ಯ.

ಏಳನೇ ಪ್ರೆಸ್ಸಿನ ಮುಂದೆ ನೀವು ಎಡಗೈಯನ್ನು ಅಚ್ಚಿನ ಪಕ್ಕ ಇಟ್ಟು ನಿಂತಿರಲ್ಲ, ಆಗ ಊಟದ ಬೆಲ್ ಆಗಿ ಎಲ್ಲರೂ ಏಳುತ್ತಿದ್ದರು. ಯಾರೂ ಊಟಕ್ಕೆ ಹೋಗಲಿಲ್ಲ. ನಿಮ್ಮ ದನಿ ಎಷ್ಟು ದೊಡ್ಡದಾಗಿತ್ತೆಂದು ನಿಮಗೆ ಗೊತ್ತಿಲ್ಲ. “ಇದು ನಾಕನೇ ಪ್ರೆಸ್ಸಿನ್ಯಾಗ ಹೋದ ಕೈ. ಗುಂಡಿ ಸತ್ತಿತ್ತು, ನನಗ ಯಾರೂ ಹೇಳಲಿಲ್ಲ. ನಿಮಗ ನಾ ಹೇಳಾಕ ಬಂದೀನಿ” ಅಂದಿರಿ. ಆಚೆ ಪ್ಯಾಕಿಂಗ್‌ನವರೆಗೂ ಕೇಳಿಸಿತು. ಸಿದ್ದರಾಮಪ್ಪ ನಿಮ್ಮ ಹಿಂದೆಯೇ ಬಂದು ನಿಂತು, ಈ ಮನುಷ್ಯ ಅವತ್ತು ತಾನೇ ತಪ್ಪು ಒಪ್ಪಿ ಸಹಿ ಹಾಕಿದ್ದಾನೆ, ಇವನನ್ನು ಆಚೆ ಕಳಿಸಿ ಎಂದು ನೀಲಪ್ಪಣ್ಣನಿಗೆ ಹೇಳಿದರು. ನೀಲಪ್ಪಣ್ಣ ಅಲ್ಲಾಡಲಿಲ್ಲ. ಆಗ ನಾನು ಕಾರ್ಡನ್ನು ಗಟ್ಟಿಯಾಗಿ ಓದಿದೆ. ಅಪ್ಪನ ಹೆಸರನ್ನೂ ಬಿಡದೆ ಓದಿದೆ. ಸಿದ್ದರಾಮಪ್ಪ ಕೈ ಚಾಚಿದರು. ಮಹಾದೇವಿ ನಡುವೆ ಬಂದು ನಿಂತಳು. “ಮೊದಲ ನಮ್ಮ ಮಷೀನ್ ಬಾಗಲಾ ತಗದ ತೋರಸ್ರಿ ಸಾರ್” ಅಂದಳು. ನೀವು ಅವಳ ಬೆನ್ನನ್ನು ಮಾತ್ರ ನೋಡಿದ್ದಿರಿ. ಅವಳು ಹೇಳಿದ್ದು ಅದು.

ಅವತ್ತು ಮಧ್ಯಾಹ್ನ ಒಬ್ಬರೂ ಪ್ರೆಸ್ಸಿಗೆ ಕೂರಲಿಲ್ಲ. ನಾವು ಕೊಟ್ಟ ದೂರಿನ ಮೇಲೆ ಗುರುವಾರ ಇನ್‌ಸ್ಪೆಕ್ಟರ್ ಬಂದರು. ಏಳು, ಒಂಬತ್ತರ ಜೊತೆಗೆ ಮೂರನೆಯದರಲ್ಲೂ ತಂತಿ ಸೇರಿಸಿದ್ದು ಸಿಕ್ಕಿತು. ಮೂರನ್ನೂ ಸರಿ ಮಾಡಿಸಿದ್ದಾರೆ. ಸಿದ್ದರಾಮಪ್ಪ ರಜೆಯಲ್ಲಿದ್ದಾರೆ ಅನ್ನುತ್ತಾರೆ. ನಿಮ್ಮ ಹಳೆಯ ಫೈಲು ತೆರೆಯಲು ಅರ್ಜಿ ತೆಗೆದುಕೊಂಡರು, ಏನಾಗುತ್ತದೋ ತಿಳಿಯದು. ನನ್ನನ್ನು ಸೋಮವಾರದಿಂದ ಬರಬೇಡ ಅಂದಿದ್ದಾರೆ. ಜಿಗಣಿಯಲ್ಲಿ ಒಂದು ಕಡೆ ಕೇಳಿದ್ದೇನೆ, ಸಿಗಬಹುದು.

ಇನ್ನು ನಮ್ಮ ಮನೆಯ ವಿಷಯ. ಇದನ್ನು ಬರೆಯಲು ಅಮ್ಮನೇ ಹೇಳಿದ್ದಾರೆ.

ಅವತ್ತು ಸಂಜೆ ನೀವು ಊಟ ಬೇಡ ಎಂದು ನೇರವಾಗಿ ತಾರಸಿಗೆ ಹೋದಿರಿ. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಿರಲಿಲ್ಲ. ನೀವು ಪೆಟ್ಟಿಗೆ ತೆರೆದು, ಹೆಬ್ಬೆರಳು ಕಿರುಬೆರಳಿನ ನಡುವೆ ಚೌಕಟ್ಟು ಹಿಡಿದು, ಬೆಳಕಿಗೆ ಎತ್ತಿ ಹೊಸ ಮೊಟ್ಟೆ ತೋರಿಸಿದಿರಿ. ಆಮೇಲೆ ಬಗ್ಗಿ ಹಲಗೆ ಸರಿಸುತ್ತಿದ್ದಿರಿ. ಆಗ ಅಮ್ಮ ಮೆಟ್ಟಿಲು ಹತ್ತಿ ಬಂದು ನಿಮ್ಮ ಹಿಂದೆ ನಿಂತರು. ನಿಮಗೆ ಕೇಳುವುದಿಲ್ಲ ಎಂದು ಅವರಿಗೆ ಗೊತ್ತು. ಗೊತ್ತಿದ್ದಕ್ಕೇ ಮಾತಾಡಿದರು ಅನ್ನಿಸುತ್ತದೆ. ನಾನು ತಿದಿ ಹಿಡಿದು ನಿಂತಿದ್ದೆ, ನನಗೆ ಕೇಳಿಸಿತು.

“ಅವತ್ತು ರಾತ್ರಿ ಅವರು ನಿಜ ಹೇಳಿಬಿಡ್ತೀನಿ ಅಂತ ಚಪ್ಪಲಿ ಹಾಕ್ಕೊಂಡ್ರು. ಬಾಗ್ಲಿಗೆ ಅಡ್ಡ ನಿಂತೋಳು ನಾನು. ಮಗಳು ಎಸ್ಸೆಸ್ಸೆಲ್ಸಿ, ನೀನು ಜೈಲಿಗೆ ಹೋದ್ರೆ ನಾವು ಬೀದಿಗೆ ಬೀಳ್ತೀವಿ ಅಂದೆ. ಅವರು ಚಪ್ಪಲಿ ಬಿಚ್ಚಿದ್ರು. ದ್ಯಾಮಣ್ಣ, ನಿನ್ನ ಕೈ ಮೇಲೆ ನಾನು ಮಗಳನ್ನ ಸಾಕ್ದೆ.”

ಇಷ್ಟೇ ಹೇಳಿ ಅಮ್ಮ ಇಳಿದು ಹೋದರು. ನೀವು ತಿರುಗಿ, ತಿದಿ ಎಲ್ಲಿ ಎಂದು ಕೈ ಚಾಚಿದಿರಿ. ನನ್ನ ಕಣ್ಣಲ್ಲಿ ನೀರು ಕಂಡು, ಹೊಗೆ ಹೋಯಿತೇ ಎಂದು ಕೇಳಿದಿರಿ. ನಾನು ಹೌದು ಅಂದೆ. ಇನ್ನು ಸುಳ್ಳು ಬೇಡ ಎಂದು ಇದನ್ನೂ ಬರೆಯುತ್ತಿದ್ದೇನೆ.

ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ನಾನು ಫಸ್ಟ್ ಕ್ಲಾಸ್ ಬಂದೆ. ನೀವು ಊರಿನಿಂದ ಪೆನ್ನು ಕಳಿಸಿದ್ದಿರಿ.

ವೇಣಿ

*

ಹಾನಗಲ್ಲ
4 ಏಪ್ರಿಲ್ 2025

ವೇಣವ್ವ,

ಕಾಗದ ತಲುಪಿತು. ನಿನ್ನ ಕಾಕಿಗೆ ಕೊಡಬೇಕೋ ಬೇಡವೋ ಎಂದು ನಾಲ್ಕು ದಿನ ಇಟ್ಟುಕೊಂಡಿದ್ದೆ. ಯುಗಾದಿ ಮುಗಿದ ಮೇಲೆ ಕೊಟ್ಟೆ. ಅವಳು ಬೈಯುತ್ತಾಳೆ, ಬೈದರೆ ನನಗೂ ಹಗುರಾಗುತ್ತದೆ ಎಂದುಕೊಂಡಿದ್ದೆ. ಅವಳು ನಿಮ್ಮಮ್ಮ ಚನ್ನಕ್ಕ ಹೇಳಿದ ಭಾಗವನ್ನು ಮತ್ತೊಮ್ಮೆ ಓದಿದಳು. ಆಮೇಲೆ ಏನೋ ಹೇಳಿದಳು. ತುಟಿ ನೋಡಿ ತಿಳಿದುಕೊಂಡೆ, ಆದರೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಹೇಳು ಅಂದೆ. ಅವಳು ನನ್ನ ಮುಖ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು:

“ನಾನಾಗಿದ್ರೂ ಬಾಗಲಕ್ಕ ಅಡ್ಡ ನಿಂತಿರತಿದ್ನಿ.”

ಎದ್ದು ಹಿತ್ತಲಿಗೆ ಹೋಗಿ ಕೂತೆ. ಕೈ ಕಳೆದುಕೊಂಡ ದಿನದ ಆಘಾತ ನನಗೆ ನೆನಪಿಲ್ಲ. ನಿನ್ನ ಜನವರಿಯ ಕಾಗದದ್ದು ನೆನಪಿದೆ. ಆದರೆ ನನ್ನ ಮನೆಯ ಒಳಗಿನಿಂದಲೇ ಈ ಮಾತು ಬರುತ್ತದೆ ಎಂದು ಯಾವತ್ತೂ ಎಣಿಸಿರಲಿಲ್ಲ. ನಾಲ್ಕು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ. ವೆಂಕಟಪ್ಪನ ಜಾಗದಲ್ಲಿ ನಾನಿದ್ದು, ಅವಳು ಬಾಗಿಲಲ್ಲಿ ನಿಂತಿದ್ದರೆ, ನಾನು ದಾಟಿ ಹೋಗುತ್ತಿದ್ದೆನೇ? ಹೋಗುತ್ತಿದ್ದೆ ಎಂದು ಬರೆಯಲು ಎರಡು ಸಲ ಪೆನ್ನು ಹಿಡಿದೆ, ಎರಡು ಸಲವೂ ಕೆಳಗಿಟ್ಟೆ.

ಹೊಂಗೆ ಹೂವು ಈಗ ಅಲ್ಲಿ ಜೋರಾಗಿರುತ್ತದೆ. ಏಳು ಚೌಕಟ್ಟಿನ ಮೇಲೂ ಹುಳ ಮುತ್ತಿದ್ದರೆ ಮೇಲೆ ಜೇನುಕೋಣೆ, ಅಂದರೆ ಅವು ಜೇನು ತುಂಬುವ ಸಣ್ಣ ಪೆಟ್ಟಿಗೆ, ಇಡುವ ಸಮಯ. ಪಾರ್ಸೆಲಿಗೆ ಹಾಕಿದ್ದೇನೆ, ಗುರುವಾರ ಸಿಗುತ್ತದೆ. ತಡ ಮಾಡಬೇಡ.

ಅದರ ಒಳಗೆ ಒಂದು ಚೀಟಿ ಇದೆ, ಚನ್ನಕ್ಕನಿಗೆ. ಕ್ಷಮಿಸಿದ್ದೇನೆ ಎಂದು ಬರೆಯಬೇಕೆಂದು ಕೂತಿದ್ದೆ. ಬರಲಿಲ್ಲ, ಬಾರದ್ದನ್ನು ಬರೆಯಲಾರೆ. “ನೀವು ಹೇಳಿದ್ದು ನನಗೆ ಮುಟ್ಟಿತು” ಎಂದಷ್ಟೇ ಬರೆದಿದ್ದೇನೆ. ಅವರಿಗೆ ಓದಿ ಹೇಳು. ಮುಖ ನೋಡಿ ಹೇಳು.

ದ್ಯಾಮಣ್ಣ ಕಾಕಾ